ಪೆನ್ಸಿಲ್ ಹಿಡಿದು ಓದಿ: ಲೆಕ್ಕದ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲ ಬಂದ ಪತ್ರಗಳು ಹೆಚ್ಚುಕಡಿಮೆ ಎಲ್ಲಾ ಗಣಿತದ ಸುತ್ತಲೇ ಇವೆ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯವೇ ಜಾಸ್ತಿ. ಉತ್ತರ ಓದುವ ಮೊದಲು ಒಂದು ಹಾಳೆ, ಒಂದು ಪೆನ್ಸಿಲ್ ಪಕ್ಕದಲ್ಲಿ ಇಟ್ಟುಕೊಳ್ಳಿ. ಸುಮ್ನೆ ಓದಿಕೊಂಡು ಹೋದರೆ ಇಲ್ಲಿ ಅರ್ಧ ಮಾತ್ರ ಸಿಗುತ್ತದೆ.

ಪ್ರಶ್ನೆ: ನಾನು ನಿವೃತ್ತ ಗಣಿತ ಶಿಕ್ಷಕ. ಸಾಮಾನ್ಯ ಓದುಗರಿಗಾಗಿ ಕನ್ನಡದಲ್ಲಿ ಗಣಿತದ ಲೇಖನ ಬರೆಯಬೇಕು ಅಂತ ಬಹಳ ದಿನದ ಆಸೆ. ಒಂದು ಪತ್ರಿಕೆಗೆ ಕಳಿಸಿದೆ. ‘ಸೂತ್ರ, ಅಂಕಿ ಎಲ್ಲ ತೆಗೆದು, ಗಣಿತಜ್ಞರ ಜೀವನದ ಕಥೆ ಹಾಕಿ ಕೊಡಿ’ ಅಂದರು. ಅಂಕಿ ತೆಗೆದರೆ ಗಣಿತದಲ್ಲಿ ಉಳಿಯೋದೇನು? (ಜಮಖಂಡಿ)

ಮಾಸ್ತರ್ರೇ, ಅವರ ಮಾತಿನಲ್ಲಿ ಅರ್ಧ ನಿಜ ಇದೆ. ಲೇಖನದ ಎರಡನೇ ಸಾಲಿಗೇ ಎಕ್ಸ್, ವೈ, ಬೀಜಗಣಿತದ ದೊಡ್ಡ ದಂಡು ಬಂದು ನಿಂತರೆ ಓದುಗ ಪುಟ ತಿರುಗಿಸಿ ರಾಶಿಭವಿಷ್ಯಕ್ಕೆ ಹೋಗುತ್ತಾನೆ. ಆದರೆ ಅಂಕಿಯನ್ನೇ ತೆಗೆದು ಬರೀ ಕಥೆ ಕೊಟ್ಟರೆ ಅವನು ‘ಅಬ್ಬಾ, ಎಂಥಾ ಮೇಧಾವಿ!’ ಅನ್ನುತ್ತಾನೆ, ಅಷ್ಟೇ. ಗಣಿತ ಅವನ ಕೈಗೆ ಬಂದಿರುವುದಿಲ್ಲ. ರಾಮಾನುಜನ್ನರ 1729ರ ಕಥೆಯನ್ನು ಎಷ್ಟು ಸಲ ಓದಿದ್ದೇವೆ ನೋಡಿ. ಆಸ್ಪತ್ರೆಯಲ್ಲಿದ್ದ ಅವರನ್ನು ನೋಡಲು ಗಣಿತಜ್ಞ ಹಾರ್ಡಿ 1729 ನಂಬರಿನ ಟ್ಯಾಕ್ಸಿಯಲ್ಲಿ ಬಂದದ್ದು, ಎಲ್ಲಾ ನೆನಪಿದೆ. ಆ ಸಂಖ್ಯೆಯ ವಿಶೇಷ ಏನು ಅಂತ ಕೇಳಿದರೆ ಹತ್ತರಲ್ಲಿ ಒಂಬತ್ತು ಜನ ತಲೆ ಕೆರೆದುಕೊಳ್ಳುತ್ತಾರೆ.

ನಾನಾಗಿದ್ದರೆ ಅದೇ ಕಥೆಯನ್ನು ಎರಡೇ ಸಾಲಿನಲ್ಲಿ ಮುಗಿಸಿ, ಓದುಗರಿಗೆ ಈ ಪಟ್ಟಿ ಕೊಡುತ್ತಿದ್ದೆ: 1, 8, 27, 64, 125, 216, 343, 512, 729, 1000, 1331, 1728. ಒಂದರಿಂದ ಹನ್ನೆರಡರವರೆಗಿನ ಘನಗಳು ಇವು, ಅಂದರೆ ಅದೇ ಸಂಖ್ಯೆಯನ್ನು ಮೂರು ಸಲ ಗುಣಿಸಿದ್ದು. ಇದರಲ್ಲಿ ಎರಡನ್ನು ಕೂಡಿಸಿ ಒಂದು ಮೊತ್ತ ಮಾಡಿ. ಅದೇ ಮೊತ್ತ ಬೇರೆ ಎರಡರಿಂದಲೂ ಬರುತ್ತಾ, ಹುಡುಕಿ. 1728ಕ್ಕೆ 1 ಕೂಡಿಸಿದರೂ 1729, 1000ಕ್ಕೆ 729 ಕೂಡಿಸಿದರೂ 1729. ಅದಕ್ಕಿಂತ ಚಿಕ್ಕದು ಇದೆಯಾ ಅಂತ ಹುಡುಕಲು ಕೂತರೆ ಒಂದು ಸಂಜೆ ಚೆನ್ನಾಗಿ ಹೋಗುತ್ತದೆ. ಇಲ್ಲ ಅನ್ನೋದು ತನ್ನ ಕೈಯಿಂದಲೇ ಗೊತ್ತಾದ ಓದುಗ ಆ ಸಂಖ್ಯೆಯನ್ನು ಮರೆಯುವುದಿಲ್ಲ.

ಇನ್ನೊಂದು ನಮೂನೆ ಹೇಳುತ್ತೇನೆ. ಮೂರಂಕಿಯ ಸಂಖ್ಯೆ ಒಂದು ಬರೆಯಿರಿ. ಮೊದಲ ಅಂಕಿ, ಕೊನೆಯ ಅಂಕಿ ನಡುವೆ ಎರಡಾದರೂ ವ್ಯತ್ಯಾಸ ಇರಲಿ. ನಾನು 742 ತಗೊಳ್ಳುತ್ತೇನೆ. ತಿರುಗಿಸಿ ಬರೆದರೆ 247. ದೊಡ್ಡದರಲ್ಲಿ ಚಿಕ್ಕದು ಕಳೆದರೆ 495. ಇದನ್ನೂ ತಿರುಗಿಸಿ, 594. ಈಗ ಕೂಡಿಸಿ: 1089. ನೀವು ಬೇರೆ ಸಂಖ್ಯೆ ತಗೊಂಡಿದ್ದರೂ ನಿಮಗೆ ಬಂದಿರುವುದು 1089.

ಇಲ್ಲಿಗೇ ಬಿಟ್ಟರೆ ಇದು ಜಾತ್ರೆಯ ಜಾದು. ಯಾಕೆ ಹಾಗೆ ಅಂತ ಕೇಳಿದಾಗ ಗಣಿತ ಶುರು. 742ರಲ್ಲಿ 247 ಕಳೆಯುವಾಗ ನಡುವಿನ 4 ಎರಡೂ ಕಡೆ ಇದೆ, ಹೊಡೆದು ಹೋಗುತ್ತದೆ. 700ರಲ್ಲಿ 7 ಹೋದರೆ 7 ಸಲ 99. ಆ ಕಡೆ 200ರಲ್ಲಿ 2 ಹೋದರೆ 2 ಸಲ 99. ಉಳಿಯುವುದು 5 ಸಲ 99. ಯಾವ ಸಂಖ್ಯೆ ತಗೊಂಡರೂ ಕಳೆದ ಮೇಲೆ ಉಳಿಯುವುದು 99ರ ಮಗ್ಗಿಯೇ: 198, 297, 396, 495, 594, 693, 792, 891. ಈ ಸಾಲನ್ನು ಒಂದು ನಿಮಿಷ ನೋಡಿ. ನಡುವೆ ಯಾವಾಗಲೂ 9. ಆಚೀಚೆಯ ಎರಡು ಅಂಕಿ ಕೂಡಿಸಿದರೆ ಅದೂ 9. ಹಾಗಾಗಿ ತಿರುಗಿಸಿ ಕೂಡಿಸಿದಾಗ ನೂರರ ಮನೆಯಲ್ಲಿ 9, ಹತ್ತರ ಮನೆಯಲ್ಲಿ 18, ಬಿಡಿಯಲ್ಲಿ 9. ಒಟ್ಟು 900, 180, 9. ತಪ್ಪಿಸಿಕೊಳ್ಳಲು ದಾರಿಯೇ ಇಲ್ಲ.

ಈ 1089 ನಮ್ಮ ರೈತರಿಗೆ ಹಳೆಯ ಪರಿಚಯ. ಒಂದು ಗುಂಟೆ ಅಂದರೆ 33 ಅಡಿಗೆ 33 ಅಡಿ, ಅಂದರೆ 1089 ಚದರ ಅಡಿ. 40 ಗುಂಟೆಗೆ ಒಂದು ಎಕರೆ, 43,560 ಚದರ ಅಡಿ. ಇದಕ್ಕೂ ಆ ಆಟಕ್ಕೂ ಸಂಬಂಧ ಇಲ್ಲ, ಕಾಕತಾಳೀಯ. ಗುಂಟೆಯ 33 ಬಂದದ್ದು ಇಂಗ್ಲಿಷರ ಭೂಮಾಪನದ ಸರಪಳಿಯಿಂದ, ಅದರ ಉದ್ದ 66 ಅಡಿ, 33 ಅದರ ಅರ್ಧ. ಆದರೂ ಉತಾರದಲ್ಲಿ (ಪಹಣಿಯಲ್ಲಿ) ಗುಂಟೆ ಲೆಕ್ಕ ನೋಡುವ ಓದುಗನಿಗೆ 1089 ಅಂದ ಕೂಡಲೇ ಕಿವಿ ನೆಟ್ಟಗಾಗುತ್ತದೆ. ಲೇಖನಕ್ಕೆ ಬಾಗಿಲು ಅಲ್ಲಿಂದ ತೆಗೆಯಿರಿ.

ಅಮೆರಿಕದ ಮಾರ್ಟಿನ್ ಗಾರ್ಡನರ್ 1957ರಿಂದ ಸುಮಾರು 25 ವರ್ಷ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಗೆ ಗಣಿತ ವಿನೋದದ ಅಂಕಣ ಬರೆದರು. ಆ ಮನುಷ್ಯ ಕಾಲೇಜಿನಲ್ಲಿ ಓದಿದ್ದು ತತ್ವಶಾಸ್ತ್ರ. ತನಗೆ ಅರ್ಥ ಆಗುವವರೆಗೂ ಜಗ್ಗಾಡಿ ಆಮೇಲೆ ಬರೆಯುತ್ತಿದ್ದರು, ಅದಕ್ಕೇ ಓದುಗರಿಗೂ ಅರ್ಥ ಆಗುತ್ತಿತ್ತು. ನಿಮಗೆ ಎಲ್ಲಾ ಮೊದಲೇ ಗೊತ್ತಿದೆ, ನಿಮ್ಮ ತೊಂದರೆ ಅದೇ. ನೆರೆಮನೆಯ ಹತ್ತನೇ ಕ್ಲಾಸಿನ ಹುಡುಗನಿಗೆ ಓದಿಸಿ, ಅವನು ಎಲ್ಲಿ ನಿಂತ ಅನ್ನೋದನ್ನು ಗುರುತು ಹಾಕಿಕೊಂಡು ಮತ್ತೆ ಬರೆಯಿರಿ. ಒಂದು ಲೇಖನಕ್ಕೆ ಒಂದೇ ಲೆಕ್ಕ ಸಾಕು.

ಪ್ರಶ್ನೆ: ತಮ್ಮನಿಗೆ ಬೈಕ್ ತಗೊಳ್ಳಲು ಫೈನಾನ್ಸ್‌ನಲ್ಲಿ ‘ನೂರಕ್ಕೆ 12, ಫ್ಲಾಟ್’ ಅಂದರು. ಬ್ಯಾಂಕಿನಲ್ಲಿ 14 ಅಂದರು. 12 ಅಗ್ಗ ಅಂತ ಫೈನಾನ್ಸ್‌ಗೇ ಹೊರಟಿದ್ದಾನೆ. ಸರಿಯೇ? ಶಾಲೆಯಲ್ಲಿ ಬಡ್ಡಿ ಲೆಕ್ಕ ಕಲಿತಿದ್ದೆ, ಈಗ ತಲೆಗೆ ಹೋಗುತ್ತಿಲ್ಲ. (ಅಥಣಿ)

ತಡೆಯಿರಿ ಅಣ್ಣಾರೆ, ಸಹಿ ಹಾಕಲು ಬಿಡಬೇಡಿ. ಫ್ಲಾಟ್ ಅಂದರೆ ಮೊದಲ ದಿನ ತಗೊಂಡ ಪೂರ್ತಿ ಸಾಲದ ಮೇಲೆ ಕೊನೆಯವರೆಗೂ ಬಡ್ಡಿ. ಕಂತು ಕಟ್ಟುತ್ತಾ ಸಾಲ ಕರಗುತ್ತಿದ್ದರೂ ಬಡ್ಡಿ ಕರಗುವುದಿಲ್ಲ.

ಚಿಕ್ಕ ಲೆಕ್ಕ ಮಾಡೋಣ. 12,000 ರೂಪಾಯಿ ಸಾಲ, 12 ತಿಂಗಳ ಕಂತು. ನೂರಕ್ಕೆ 12 ಫ್ಲಾಟ್ ಅಂದರೆ ಬಡ್ಡಿ 1,440. ಒಟ್ಟು 13,440, ತಿಂಗಳಿಗೆ 1,120. ನೋಡಲು ಸಲೀಸಾಗಿದೆ. ಈಗ ಅವರ ದುಡ್ಡು ನಿಮ್ಮ ಹತ್ತಿರ ನಿಜವಾಗಿ ಎಷ್ಟಿತ್ತು ಅಂತ ಕೇಳಿ. ಮೊದಲ ತಿಂಗಳು 12,000. ಎರಡನೇ ತಿಂಗಳು 11,000, ಮೂರನೇದಕ್ಕೆ 10,000, ಹೀಗೆ ಇಳಿದು ಕೊನೆಯ ತಿಂಗಳು ಬರೀ 1,000. ಹನ್ನೆರಡನ್ನೂ ಕೂಡಿಸಬೇಕು. ಒಂದೊಂದಾಗಿ ಕೂಡಿಸಬೇಡಿ, ಮೊದಲನೆಯದನ್ನು ಕೊನೆಯದರ ಜೊತೆ ಜೋಡಿ ಮಾಡಿ: 12ಕ್ಕೆ 1, 11ಕ್ಕೆ 2, 10ಕ್ಕೆ 3. ಎಲ್ಲಾ ಜೋಡಿಯೂ 13. ಆರು ಜೋಡಿ, 78. ಅಂದರೆ 78,000. ಹನ್ನೆರಡು ತಿಂಗಳಿಗೆ ಹಂಚಿದರೆ ಸರಾಸರಿ 6,500. ವರ್ಷವಿಡೀ ನೀವು ಬಳಸಿದ್ದು ಸರಾಸರಿ 6,500 ರೂಪಾಯಿ, ಕೊಟ್ಟ ಬಡ್ಡಿ 1,440. ನೂರಕ್ಕೆ 22ರ ಮೇಲಾಯಿತು!

ಎರಡು ವರ್ಷದ ಕಂತಾದರೂ ಮೂರು ವರ್ಷದ್ದಾದರೂ ಫ್ಲಾಟ್ ದರ ನಿಜದಲ್ಲಿ ದುಪ್ಪಟ್ಟಿನ ಹತ್ತಿರವೇ ಬಂದು ನಿಲ್ಲುತ್ತದೆ. ಬ್ಯಾಂಕಿನ 14 ಉಳಿದ ಸಾಲದ ಮೇಲಿನ ಬಡ್ಡಿಯೋ ಅಲ್ಲವೋ ಅಂತ ಒಂದು ಮಾತು ಕೇಳಿಕೊಳ್ಳಿ, ಸಾಮಾನ್ಯವಾಗಿ ಹಾಗೇ ಇರುತ್ತದೆ. ಹಾಗಿದ್ದರೆ ಬ್ಯಾಂಕಿಗೇ ಹೋಗಿ. ಓಡಾಟ ಸ್ವಲ್ಪ ಜಾಸ್ತಿ, ಕಾಗದಪತ್ರ ಜಾಸ್ತಿ, ಆದರೂ.

ಊರಲ್ಲಿ ಕೈಸಾಲ ಕೊಡುವವರ ‘ತಿಂಗಳಿಗೆ ನೂರಕ್ಕೆ ಎರಡು’ ಬಗ್ಗೆಯೂ ಕೇಳಿದ್ದೀರಿ. ಬಡ್ಡಿ ಕಟ್ಟದೆ ಅದು ಅಸಲಿಗೆ ಸೇರುತ್ತಾ ಹೋದರೆ ಸಾಲ ಯಾವಾಗ ದುಪ್ಪಟ್ಟಾಗುತ್ತದೆ ಅಂತ ತಿಳಿಯಲು 72ನ್ನು ಬಡ್ಡಿಯಿಂದ ಭಾಗಿಸಿ. 72ನ್ನು 2ರಿಂದ ಭಾಗಿಸಿದರೆ 36. ಹೆಚ್ಚುಕಡಿಮೆ ಮೂರು ವರ್ಷ. ನೂರಕ್ಕೆ ಮೂರಾದರೆ 24 ತಿಂಗಳು. ಇದು ಅಂದಾಜಿನ ಲೆಕ್ಕ, ನಿಜವಾದ ಉತ್ತರಕ್ಕೆ ಒಂದು ತಿಂಗಳು ಆಚೀಚೆ ಆಗಬಹುದು. ಸಾಲ ಕೊಡುವವನ ಮುಂದೆ ಕೂತು ಬಾಯಿಲೆಕ್ಕ ಮಾಡಲು ಅಷ್ಟು ಸಾಕು.

ಪ್ರಶ್ನೆ: ಮನೆಯಲ್ಲಿ ಕಸೂತಿ ಹಾಕುತ್ತೇನೆ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಮಗಳು ಬಿಎಸ್ಸಿ ಓದುತ್ತಾಳೆ, ‘ಅವ್ವಾ ನೀ ಮಾಡೋದೂ ಮ್ಯಾಥ್ಸೇ’ ಅಂತಾಳೆ. ನನ್ನನ್ನು ಖುಷಿಪಡಿಸಲು ಹೇಳ್ತಾಳೋ, ನಿಜಾನೋ? (ಇಳಕಲ್)

ಅಕ್ಕಾರೆ, ನಿಮ್ಮ ಮಗಳು ಹೇಳಿದ್ದು ನಿಜ. ಸುಮ್ನೆ ಹೊಗಳಿಕೆಗೆ ‘ಎಲ್ಲದರಲ್ಲೂ ಗಣಿತ ಇದೆ’ ಅನ್ನುವ ಮಾತು ನನಗೂ ಹಿಡಿಸುವುದಿಲ್ಲ. ಅದಕ್ಕೇ ಒಂದೇ ಹೊಲಿಗೆ ಹಿಡಿದು ನೋಡೋಣ, ಗವಂತಿ.

ನಿಮಗೆ ಗೊತ್ತಿರುವುದೇ, ಬೇರೆ ಓದುಗರಿಗಾಗಿ ಹೇಳುತ್ತೇನೆ. ಕಸೂತಿಯಲ್ಲಿ ಗವಂತಿ, ಮುರಗಿ, ನೇಯ್ಗಿ, ಮೆಂತೆ ಅಂತ ನಾಲ್ಕು ಬಗೆ. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವ ಹಾಗಿಲ್ಲ, ಎಳೆ ಎಣಿಸಿಯೇ ಹಾಕಬೇಕು. ಗವಂತಿಯಲ್ಲಿ ಸೂಜಿ ಒಂದು ಮನೆ ಮೇಲೆ, ಒಂದು ಮನೆ ಕೆಳಗೆ ಹೋಗುತ್ತದೆ. ಹೋಗುವಾಗ ಬಿಟ್ಟ ಜಾಗ ವಾಪಸ್ ಬರುವಾಗ ತುಂಬುತ್ತದೆ. ಕೊನೆಗೆ ಸೀರೆ ಮಗುಚಿ ನೋಡಿದರೆ ಒಳಗೂ ಹೊರಗೂ ಒಂದೇ ಚಿತ್ರ. ಗಂಟು ಕಾಣಬಾರದು. ದಾರ ಹೊರಟ ಜಾಗಕ್ಕೇ ಬಂದು ಸೇರಬೇಕು.

ಈಗ ಗಣಿತದವರು ಕೇಳುವ ಪ್ರಶ್ನೆ. ಗೋಪುರ, ತೇರು, ಆನೆ, ತುಳಸಿಕಟ್ಟೆ, ಯಾವ ಚಿತ್ರ ಕೊಟ್ಟರೂ ಹೀಗೆ ಹೊಲಿಯಲು ಆಗುತ್ತದಾ? ಇಲ್ಲಾ ಕೆಲವು ಚಿತ್ರಕ್ಕೆ ಮಾತ್ರ ಆಗಿ, ಕೆಲವಕ್ಕೆ ದಾರ ಸಿಕ್ಕಿಹಾಕಿಕೊಳ್ಳುತ್ತದಾ?

ಚೌಕುಳಿ ಹಾಳೆ ತಗೊಳ್ಳಿ. ಗೆರೆ ಸೇರುವ ಜಾಗದಲ್ಲೆಲ್ಲ ಚುಕ್ಕಿ ಇದೆ ಅಂದುಕೊಳ್ಳಿ. ಒಂದು ಚುಕ್ಕಿ ಕಪ್ಪು, ಅದರ ಪಕ್ಕದ್ದು ಬಿಳಿ, ಅದರಾಚೆಯದು ಕಪ್ಪು, ಮೇಲೆ ಕೆಳಗೂ ಹಾಗೇ. ಓರೆ ಹೊಲಿಗೆಯನ್ನು ಸದ್ಯ ಬಿಟ್ಟುಬಿಡಿ. ಉಳಿದ ಪ್ರತಿ ಹೊಲಿಗೆಯೂ, ಅಡ್ಡ ಇರಲಿ ಉದ್ದ ಇರಲಿ, ಒಂದು ಕಪ್ಪು ಚುಕ್ಕಿಯನ್ನು ಒಂದು ಬಿಳಿ ಚುಕ್ಕಿಗೆ ಸೇರಿಸುತ್ತದೆ. ಕಪ್ಪಿಂದ ಕಪ್ಪಿಗೆ ಹೊಲಿಗೆ ಇಲ್ಲವೇ ಇಲ್ಲ. ಕಪ್ಪು ಚುಕ್ಕಿಯಿಂದ ಶುರು ಮಾಡಿ, ಮೊದಲ ಹೊಲಿಗೆ ಬಟ್ಟೆಯ ಮೇಲೆ ಬಂತು ಅಂದುಕೊಳ್ಳಿ. ಬಿಳಿಗೆ ಬಂದಿರಿ. ಮುಂದಿನದು ಕೆಳಗೆ, ಕಪ್ಪಿಗೆ ಬಂದಿರಿ. ಮತ್ತೆ ಮೇಲೆ. ಅಂದರೆ ಕಪ್ಪಿಂದ ಹೊರಟಾಗಲೆಲ್ಲ ದಾರ ಮೇಲೆ, ಬಿಳಿಯಿಂದ ಹೊರಟಾಗಲೆಲ್ಲ ಕೆಳಗೆ. ಚಿತ್ರ ಎಷ್ಟು ಸುತ್ತಿ ಬಳಸಿ ಹೋದರೂ ಇದು ತಪ್ಪುವುದಿಲ್ಲ.

ಇನ್ನು ಪ್ರತಿ ಗೆರೆಯ ಮೇಲೂ ಎರಡು ಸಲ ಓಡಾಡಬೇಕು, ಹೋಗುವಾಗ ಒಂದು ಸಲ, ಎದುರು ದಿಕ್ಕಿನಿಂದ ಬರುವಾಗ ಒಂದು ಸಲ. ಹೋಗುವಾಗ ಆ ಗೆರೆಯನ್ನು ಕಪ್ಪಿಂದ ದಾಟಿದ್ದರೆ ಬರುವಾಗ ಬಿಳಿಯಿಂದ ದಾಟುತ್ತೀರಿ. ಹಾಗಾಗಿ ಒಂದು ಸಲ ಮೇಲೆ, ಒಂದು ಸಲ ಕೆಳಗೆ. ಎರಡೂ ಕಡೆ ಒಂದೇ ಚಿತ್ರ ಬರಲೇಬೇಕು!

ಕೂಡುಗುರುತಿನ ಹಾಗೆ ನಾಲ್ಕು ಕೈ ಇರುವ ಚಿತ್ರದಲ್ಲಿ ಮಾಡಿ ನೋಡಿ, ಒಂದೊಂದು ಕೈ ಎರಡು ಮನೆ ಉದ್ದ. ನಡುವಿನಿಂದ ಹೊರಡಿ. ಮೊದಲ ಮನೆ ಮೇಲೆ, ಎರಡನೆಯದು ಕೆಳಗೆ, ತುದಿ ಬಂತು. ತಿರುಗಿ. ಎರಡನೇ ಮನೆ ಈಗ ಮೇಲೆ, ಮೊದಲನೆಯದು ಕೆಳಗೆ, ನಡುವಿಗೆ ಬಂದಿರಿ. ಮುಂದಿನ ಕೈ ಹಿಡಿಯಿರಿ. ನಾಲ್ಕೂ ಮುಗಿದಾಗ ದಾರ ಶುರುವಾದ ಜಾಗದಲ್ಲೇ ಇರುತ್ತದೆ.

ಗೆರೆಗಳೆಲ್ಲ ಒಂದಕ್ಕೊಂದು ತಗಲಿಕೊಂಡಿದ್ದರೆ ಎಷ್ಟು ದೊಡ್ಡ ಚಿತ್ರವಾದರೂ ಹೀಗೆ ಪ್ರತಿ ಗೆರೆಯನ್ನೂ ಒಮ್ಮೆ ಆ ಕಡೆಗೆ, ಒಮ್ಮೆ ಈ ಕಡೆಗೆ ದಾಟಿ ಹೊರಟಲ್ಲಿಗೇ ಬರಲು ದಾರಿ ಇದ್ದೇ ಇರುತ್ತದೆ. ಇಂಥ ದಾರಿಗಳ ಲೆಕ್ಕವನ್ನು ಶುರು ಮಾಡಿದವರು ಗಣಿತಜ್ಞ ಆಯ್ಲರ್, 1736ರಲ್ಲಿ. ಕ್ಯೋನಿಗ್ಸ್‌ಬರ್ಗ್ ಅನ್ನುವ ಊರಿನ ಏಳು ಸೇತುವೆಗಳನ್ನು ಒಂದೊಂದೇ ಸಲ ದಾಟಿ ಎಲ್ಲಾ ಮುಗಿಸಲು ಆಗುತ್ತದಾ ಅಂತ ಪ್ರಶ್ನೆ ಬಂದಿತ್ತು. ಆಗುವುದಿಲ್ಲ ಅಂತ ತೋರಿಸಿದರು. ಶುರು ಮಾಡುವ ಜಾಗ, ಮುಗಿಸುವ ಜಾಗ ಬಿಟ್ಟರೆ, ಎಲ್ಲಿಗೆ ಬಂದರೂ ಅಲ್ಲಿಂದ ಹೊರಡಲೂ ಬೇಕು, ಅಂದರೆ ಅಲ್ಲಿ ಸೇತುವೆಗಳು ಜೋಡಿಜೋಡಿಯಾಗಿ ಇರಬೇಕು. ಅಲ್ಲಿ ನಾಲ್ಕು ಜಾಗದಲ್ಲೂ ಬೆಸ ಸಂಖ್ಯೆಯ ಸೇತುವೆ ಇದ್ದವು. ನಿಮ್ಮ ಕಸೂತಿಯಲ್ಲಿ ಪ್ರತಿ ಗೆರೆಯೂ ಎರಡು ಸಲ, ಹಾಗಾಗಿ ಎಲ್ಲಾ ಚುಕ್ಕಿಯಲ್ಲೂ ಜೋಡಿ ತಾನಾಗೇ ಕೂಡುತ್ತದೆ.

ಮಗಳಿಗೆ ಈ ಉತ್ತರ ತೋರಿಸಿ. ಅವಳ ಪುಸ್ತಕದಲ್ಲಿ ಇದು ಗ್ರಾಫ್ ಸಿದ್ಧಾಂತ ಅನ್ನುವ ಪಾಠದಲ್ಲಿರುತ್ತದೆ. ಅವಳು ಪರೀಕ್ಷೆಗೆ ಬರೆಯುವುದನ್ನು ನೀವು ಸೀರೆಯ ಮೇಲೆ ಮಾಡಿ ಮುಗಿಸಿದ್ದೀರಿ.

ಪ್ರಶ್ನೆ: ಮಗ ಐದನೇ ಕ್ಲಾಸು. ವೇದಗಣಿತದ ಕ್ಲಾಸಿಗೆ ಹಾಕಿ, ಲೆಕ್ಕದ ಭಯ ಹೋಗುತ್ತದೆ ಅಂತ ಹೇಳುತ್ತಾರೆ. ಫೀ ಜಾಸ್ತಿ ಇದೆ. ಹಾಕಬೇಕೇ? (ಬೆಳಗಾವಿ)

ಬೇಕಾಗಿಲ್ಲ. ಆ ಹೆಸರು ಹಬ್ಬಿದ್ದು 1965ರಲ್ಲಿ ಪ್ರಕಟವಾದ ಒಂದು ಪುಸ್ತಕದಿಂದ, ಅದರಲ್ಲಿರುವ 16 ಸೂತ್ರಗಳು ನಮಗೆ ಸಿಕ್ಕಿರುವ ವೇದಗಳಲ್ಲಿ ಇಲ್ಲ. ಕೈಚಳಕಗಳು ಚೆನ್ನಾಗಿವೆ, ಬೇಡ ಅನ್ನುವುದಿಲ್ಲ. ಆದರೆ ಬೇಗ ಗುಣಿಸುವುದೇ ಗಣಿತ ಅಂತ ಹುಡುಗನ ತಲೆಗೆ ಹೋಗಬಾರದು ಅಲ್ವಾ?

ಉದಾಹರಣೆಗೆ 97ನ್ನು 96ರಿಂದ ಗುಣಿಸುವುದು. 97 ನೂರಕ್ಕೆ 3 ಕಡಿಮೆ, 96 ನೂರಕ್ಕೆ 4 ಕಡಿಮೆ. 97ರಲ್ಲಿ 4 ಕಳೆದರೆ 93, 3 ನಾಲ್ಕಲೆ 12, ಉತ್ತರ 9312. ಕ್ಲಾಸಿನಲ್ಲಿ ಇಷ್ಟು ಹೇಳಿ ಮುಂದಕ್ಕೆ ಹೋಗುತ್ತಾರೆ. ನೀವು ಮನೆಯಲ್ಲಿ ಒಂದು ಚೌಕ ಬರೆದು ಕೊಡಿ, 100ಕ್ಕೆ 100. ಒಂದು ಅಂಚಿನಿಂದ 3ರ ಪಟ್ಟಿ ಕತ್ತರಿಸಿ, ಇನ್ನೊಂದು ಅಂಚಿನಿಂದ 4ರ ಪಟ್ಟಿ. 10,000ದಲ್ಲಿ 300 ಹೋಯಿತು, 400 ಹೋಯಿತು, 9,300. ಮೂಲೆಯ ಚಿಕ್ಕ ತುಂಡು, 3ಕ್ಕೆ 4ರದ್ದು, ಎರಡು ಸಲ ಕಳೆದುಬಿಟ್ಟಿದ್ದೇವೆ. ಆ 12 ವಾಪಸ್ ಕೂಡಿಸಿ. ‘ಓಹೋ’ ಅಂದನೋ, ಕೆಲಸ ಆಯಿತು.

ಆಮೇಲೆ ಅವನಿಗೆ ಇದನ್ನು ಕೊಡಿ. ನಾಲ್ಕಂಕಿಯ ಸಂಖ್ಯೆ, ನಾಲ್ಕೂ ಒಂದೇ ಆಗಿರಬಾರದು. ಅಂಕಿಗಳನ್ನು ಇಳಿಕೆಯಲ್ಲಿ ಜೋಡಿಸಿ, ಏರಿಕೆಯಲ್ಲಿ ಜೋಡಿಸಿ, ಕಳೆಯಬೇಕು. 3524 ಆದರೆ 5432ರಲ್ಲಿ 2345 ಕಳೆದು 3087. ಮತ್ತೆ 8730ರಲ್ಲಿ 0378 ಕಳೆದು 8352. ಮತ್ತೆ 8532ರಲ್ಲಿ 2358 ಕಳೆದು 6174. ಅಲ್ಲಿಂದ ಎಷ್ಟು ಸಲ ಮಾಡಿದರೂ 6174 ಅಲ್ಲಾಡುವುದಿಲ್ಲ. ಯಾವ ಸಂಖ್ಯೆಯಿಂದ ಹೊರಟರೂ ಹೆಚ್ಚೆಂದರೆ ಏಳು ಹೆಜ್ಜೆಗೆ ಅಲ್ಲಿಗೇ ಬರುತ್ತದೆ (ಕಳೆದಾಗ 999 ಬಂದರೆ 0999 ಅಂತ ಬರೆದುಕೊಳ್ಳಬೇಕು). 1949ರಲ್ಲಿ ಇದನ್ನು ಕಂಡವರು ಡಿ.ಆರ್. ಕಾಪ್ರೇಕರ್, ನಾಸಿಕ್ ಹತ್ತಿರದ ದೇವಳಾಲಿಯ ಶಾಲಾ ಮಾಸ್ತರರು. ಹುಡುಗ ಒಂದು ಸಂಜೆಯಲ್ಲಿ ನೂರು ಕಳೆಯುವ ಲೆಕ್ಕ ಮಾಡುತ್ತಾನೆ, ತಾನು ಹೋಂವರ್ಕ್ ಮಾಡುತ್ತಿದ್ದೇನೆ ಅಂತ ಗೊತ್ತೇ ಆಗದ ಹಾಗೆ. ಫೀ ಇಲ್ಲ.

ಪ್ರಶ್ನೆ: ಕನ್ನಡದಲ್ಲಿ ಗಣಿತ ಬರೆದ ಮೊದಲಿಗ ನಮ್ಮ ಊರಿನವನು ಅಂತ ನಮ್ಮ ಕನ್ನಡ ಮೇಡಂ ಹೇಳಿದರು. ಲೀಲಾವತಿ ಬರೆದ ಭಾಸ್ಕರಾಚಾರ್ಯ ವಿಜಯಪುರದವನು ಅಂತಲೂ ಹೇಳಿದರು. ಎರಡೂ ನಿಜವಾ ಸರ್? (ಪಿಯುಸಿ ವಿದ್ಯಾರ್ಥಿನಿ, ರಾಯಬಾಗ)

ತಂಗಿ, ಮೊದಲನೆಯವನು ರಾಜಾದಿತ್ಯ, 12ನೇ ಶತಮಾನದವನು. ಅವನ ಊರು ಪೂವಿನಬಾಗೆ. ಅದು ನಿಮ್ಮ ರಾಯಬಾಗವೇ ಅಂತ ಹೇಳುವವರಿದ್ದಾರೆ. ಅವನ ‘ವ್ಯವಹಾರಗಣಿತ’ ಕನ್ನಡದಲ್ಲಿ ಸಿಕ್ಕಿರುವ ಅತಿ ಹಳೆಯ ಗಣಿತ ಪುಸ್ತಕ ಅಂತ ಸಾಹಿತ್ಯ ಚರಿತ್ರೆಗಳಲ್ಲಿ ಬರೆದಿದೆ. ಹೆಸರೇ ಹೇಳುವ ಹಾಗೆ, ದಿನದ ವ್ಯವಹಾರಕ್ಕೆ ಬೇಕಾದ ಲೆಕ್ಕಗಳು. ಅವನಿಗೂ ಹಿಂದೆ, ಸುಮಾರು 850ರಲ್ಲಿ, ರಾಷ್ಟ್ರಕೂಟರ ಅಮೋಘವರ್ಷನ ಕಾಲದ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದ, ಅದು ಸಂಸ್ಕೃತದಲ್ಲಿ. ಸಾಮಾನ್ಯರಿಗೆ ಲೆಕ್ಕ ತಲುಪಿಸಲು ರಾಜಾದಿತ್ಯ ಕನ್ನಡ ಹಿಡಿದ. ನಾವು ಈ ಪುಟದಲ್ಲಿ ಮಾಡುತ್ತಿರುವ ಕೆಲಸವನ್ನು ಆತ 800 ವರ್ಷದ ಹಿಂದೆಯೇ ಶುರು ಮಾಡಿದ್ದಾನೆ.

ಭಾಸ್ಕರಾಚಾರ್ಯನ ಊರಿನ ವಿಷಯ ಜಗಳದ್ದು. ಅವನು ಹುಟ್ಟಿದ್ದು 1114ರಲ್ಲಿ, ಲೀಲಾವತಿ ಬರೆದದ್ದು 1150ರ ಹೊತ್ತಿಗೆ. ತನ್ನ ಊರು ಸಹ್ಯಾದ್ರಿ ಕಡೆಯ ವಿಜ್ಜಡವಿಡ ಅಂತ ತಾನೇ ಬರೆದಿದ್ದಾನೆ. ಅದು ಬಿಜ್ಜಳನ ಬೀಡು, ಅಂದರೆ ವಿಜಯಪುರ ಅನ್ನುತ್ತಾರೆ ನಮ್ಮವರು. ಮಹಾರಾಷ್ಟ್ರದ ಚಾಳೀಸಗಾಂವ್ ಹತ್ತಿರದ ಪಾಟಣದಲ್ಲಿ ಅವನ ಮೊಮ್ಮಗ ಅಜ್ಜನ ಗ್ರಂಥಗಳನ್ನು ಓದಿಸಲು ಮಠ ಕಟ್ಟಿದ ಶಾಸನ ಇದೆ, ಅದಕ್ಕೆ ಅವನು ಆ ಕಡೆಯವನು ಅನ್ನುತ್ತಾರೆ ಅಲ್ಲಿಯವರು. ವಿಜಯಪುರದಲ್ಲಿ ಕೂತು ಹೇಳುತ್ತಿದ್ದೇನೆ, ಶಾಸನ ಇರುವ ಕಡೆ ತಕ್ಕಡಿ ತುಸು ಜಗ್ಗುತ್ತದೆ.

ಊರು ಯಾವುದಾದರೂ ಇರಲಿ, ಅವನ ಒಂದು ಲೆಕ್ಕ ಮಾಡು. ಚಕ್ರವಾಕ, ಕ್ರೌಂಚ ಹಕ್ಕಿಗಳು ತುಂಬಿದ ಕೆರೆ. ತಾವರೆ ಮೊಗ್ಗಿನ ತುದಿ ನೀರಿನ ಮೇಲೆ ಒಂದು ಗೇಣು ಕಾಣುತ್ತಿದೆ. ಗಾಳಿ ಮೆಲ್ಲಗೆ ತಳ್ಳಿ, ಎರಡು ಮೊಳ ದೂರದಲ್ಲಿ ಅದು ನೀರಿಗೆ ಮುಳುಗಿತು. ಕೆರೆ ಎಷ್ಟು ಆಳ? ಎರಡು ಗೇಣಿಗೆ ಒಂದು ಮೊಳ.

ದಂಟು ನೆಟ್ಟಗಿದ್ದಾಗ ಅದರ ಉದ್ದ ಆಳಕ್ಕಿಂತ ಅರ್ಧ ಮೊಳ ಜಾಸ್ತಿ. ಓರೆಯಾದಾಗ ಅದೇ ದಂಟು ತ್ರಿಕೋನದ ಉದ್ದದ ಬದಿ ಆಯಿತು. ದಂಟಿನ ವರ್ಗದಲ್ಲಿ ಆಳದ ವರ್ಗ ಕಳೆದರೆ ಎರಡರ ವರ್ಗ, 4. ಇಲ್ಲಿ ಸಮೀಕರಣ ಬರೆಯಲು ಹೋಗಬೇಡ. ಎರಡು ಸಂಖ್ಯೆಗಳ ವರ್ಗದ ವ್ಯತ್ಯಾಸ ಅಂದರೆ ಅವುಗಳ ವ್ಯತ್ಯಾಸ ಗುಣಿಸು ಅವುಗಳ ಮೊತ್ತ. ವ್ಯತ್ಯಾಸ ಅರ್ಧ, ಗುಣಲಬ್ಧ 4, ಹಾಗಾದರೆ ಮೊತ್ತ 8. ಕೂಡಿದರೆ 8, ಕಳೆದರೆ ಅರ್ಧ ಆಗುವ ಎರಡು ಸಂಖ್ಯೆ ಯಾವುವು? ನಾಲ್ಕೂಕಾಲು, ಮೂರೂಮುಕ್ಕಾಲು. ಕೆರೆ ಮೂರೂಮುಕ್ಕಾಲು ಮೊಳ ಆಳ.

ಪ್ರಶ್ನೆ: ಗೋಳಗುಮ್ಮಟದ ಕಟ್ಟಡ ಚೌಕ, ಗುಮ್ಮಟ ದುಂಡಗೆ. ನಡುವೆ ಕಂಬ ಒಂದೂ ಇಲ್ಲ. ಚೌಕದ ಮೇಲೆ ದುಂಡನೆಯದು ಹೇಗೆ ಕೂತಿತು? ಗೈಡ್‌ಗಳು ಬರೀ ಪ್ರತಿಧ್ವನಿ ಬಗ್ಗೆ ಹೇಳುತ್ತಾರೆ. (ವಿಜಯಪುರ)

ಒಳಗೆ ಹೋದವರೆಲ್ಲ ಕೂಗುವುದರಲ್ಲೇ ಇರುತ್ತಾರೆ, ನಿಂತು ಮೇಲೆ ನೋಡುವವರು ಕಡಿಮೆ. ಮಾತಲ್ಲಿ ಹೇಳುವುದಕ್ಕಿಂತ ಬರೆದೇ ನೋಡೋಣ. ಒಳಗಿನ ಹಜಾರ ಸುಮಾರು 135 ಅಡಿ ಚೌಕ. 10 ಅಡಿಗೆ 1 ಸೆಂಟಿಮೀಟರ್ ಇಟ್ಟುಕೊಂಡು 13.5 ಸೆಂ.ಮೀ. ಚೌಕ ಬರೆಯಿರಿ. ಪ್ರತಿ ಬದಿಯಲ್ಲೂ ಎರಡೂ ಮೂಲೆಯಿಂದ 4 ಸೆಂ.ಮೀ. ಬಿಟ್ಟು ಗುರುತು ಹಾಕಿ. ಒಟ್ಟು ಎಂಟು ಗುರುತು. ಈಗ ಒಂದು ಬಿಟ್ಟು ಒಂದು ಗುರುತನ್ನು ಸೇರಿಸುತ್ತಾ ಹೋಗಿ. ಒಂದು ಓರೆ ಚೌಕ ಬಂತು. ಉಳಿದ ನಾಲ್ಕನ್ನೂ ಸೇರಿಸಿ, ಇನ್ನೊಂದು ಓರೆ ಚೌಕ. ಎರಡೂ ಒಂದನ್ನೊಂದು ಹಾಯ್ದು ಎಂಟು ಮೂಲೆಯ ನಕ್ಷತ್ರ ಆಗುತ್ತದೆ. ಅದರ ಹೊಟ್ಟೆಯಲ್ಲಿ ಎಂಟು ಬದಿಯ ಆಕೃತಿ ಉಳಿಯುತ್ತದೆ. ಅದರೊಳಗೆ ಕೂರುವ ವೃತ್ತದ ಅಗಲ ಅಳೆಯಿರಿ, 10 ಸೆಂ.ಮೀ.ಗಿಂತ ತುಸು ಜಾಸ್ತಿ.

ನೀವು ಎಳೆದ ಎಂಟು ಓರೆ ಗೆರೆಗಳೇ ಗುಮ್ಮಟವನ್ನು ಹೊತ್ತಿರುವ ಎಂಟು ಕಮಾನುಗಳು. 135 ಅಡಿಯ ಚೌಕವನ್ನು ಅವು ಸುಮಾರು 97 ಅಡಿಯ ದುಂಡನೆ ಕಿಂಡಿಗೆ ತಂದು ನಿಲ್ಲಿಸಿವೆ. ಕಾಗದದ ಗೆರೆಗೆ ದಪ್ಪ ಇಲ್ಲ, ಕಮಾನಿಗಿದೆ, ಅದಕ್ಕೇ ಅಳತೆ ಪೂರ್ತಿ ಹೊಂದುವುದಿಲ್ಲ. ಗುಮ್ಮಟದ ಒಳ ಅಗಲ ಸುಮಾರು 124 ಅಡಿ. ಅದು ಕೂತಿರುವುದು ಈ ಕಿಂಡಿಯ ಅಂಚಿನ ಮೇಲಲ್ಲ, ಅದರಿಂದ ಹಿಂದಕ್ಕೆ, ಕಮಾನುಗಳ ಮೇಲಿನ ಜಗಲಿಯ ಮೇಲೆ. ಪಿಸುಗುಟ್ಟುವ ಗ್ಯಾಲರಿ ಅಂತ ಜನ ಸುತ್ತು ಹಾಕುವುದು ಅದೇ ಜಗಲಿಯನ್ನು. ಒಳಗಿನ ನೆಲ ಲೆಕ್ಕ ಹಾಕಿದರೆ 135 ಗುಣಿಸು 135, ಅಂದರೆ 18,225 ಚದರ ಅಡಿ. ಹದಿನಾರೂಮುಕ್ಕಾಲು ಗುಂಟೆಯಷ್ಟು ಜಾಗ, ನಡುವೆ ಒಂದು ಕಂಬ ಇಲ್ಲದೆ. ಮುಹಮ್ಮದ್ ಆದಿಲ್‌ಶಾಹ ತೀರಿಕೊಂಡದ್ದು 1656ರಲ್ಲಿ, ಈ ಗೋರಿ ಅವನದು. ಕಮಾನು ಎತ್ತಿದವರ ಹೆಸರನ್ನು ಗೈಡ್‌ಗಳು ಹೇಳುವುದಿಲ್ಲ, ಅವರ ಜಾಮಿತಿಯನ್ನಾದರೂ ಹೇಳಬಹುದಿತ್ತು.

ಪ್ರಶ್ನೆ: ನಮ್ಮ ಶಾಲೆಯ ಹೊಸ ಗಣಿತ ಮೇಡಂ, ‘30 ಮಕ್ಕಳ ಕ್ಲಾಸಿನಲ್ಲಿ ಇಬ್ಬರ ಹುಟ್ಟಿದ ದಿನ ಒಂದೇ ಇರುವ ಸಾಧ್ಯತೆ ಜಾಸ್ತಿ’ ಅಂತಾರೆ. ವರ್ಷಕ್ಕೆ 365 ದಿನ, ಮಕ್ಕಳು 30. ಹೇಗೆ ಸಾಧ್ಯ? ನಾನೂ ಶಿಕ್ಷಕನೇ, ಸಮಾಜ ವಿಜ್ಞಾನ. (ಬಾಗಲಕೋಟೆ)

ಮೇಡಂ ಹೇಳಿದ್ದು ಸರಿ ಸರ್. ನೀವು ಮಕ್ಕಳನ್ನು ಎಣಿಸುತ್ತಿದ್ದೀರಿ, ಎಣಿಸಬೇಕಾದದ್ದು ಜೋಡಿಗಳನ್ನು. 30 ಮಕ್ಕಳಲ್ಲಿ ಒಬ್ಬೊಬ್ಬರೂ ಉಳಿದ 29 ಜನರ ಜೊತೆ ಜೋಡಿ ಆಗಬಹುದು. 30 ಗುಣಿಸು 29, ಅದರ ಅರ್ಧ, 435 ಜೋಡಿ. ಒಂದು ಜೋಡಿಯ ದಿನ ಹೊಂದುವ ಸಾಧ್ಯತೆ 365ರಲ್ಲಿ ಒಂದು. ಅಂಥವು 435 ಇವೆ ಅಂದಮೇಲೆ ಒಂದಾದರೂ ಹೊಂದುವುದರಲ್ಲಿ ಆಶ್ಚರ್ಯ ಏನು? ಪೂರ್ತಿ ಲೆಕ್ಕ ಮಾಡಿದರೆ 30 ಜನರಿಗೆ ಸಾಧ್ಯತೆ ಸುಮಾರು ಶೇಕಡಾ 70. 23 ಜನ ಇದ್ದರೇ ಅರ್ಧ ದಾಟುತ್ತದೆ.

ಮಕ್ಕಳ ಕ್ಲಾಸಿನಲ್ಲಿ ಕೇಳಿ ಪರೀಕ್ಷಿಸಿ. ಸ್ಟಾಫ್ ರೂಮಿನಲ್ಲಿ ಮಾತ್ರ ಬೇಡ, ಅದರಲ್ಲೂ ಹಿರಿಯರು ಜಾಸ್ತಿ ಇದ್ದರೆ. ಈ ಲೆಕ್ಕಕ್ಕೆ ಎಲ್ಲಾ ದಿನಗಳೂ ಸಮ ಅಂತ ಹಿಡಿದಿರುತ್ತೇವೆ. ನಮ್ಮ ಕಡೆ ಹಳೆಯ ಕಾಲದ ಹೆಡ್‌ಮಾಸ್ತರರು ಶಾಲೆಗೆ ಸೇರಿಸುವಾಗ ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳಿಗೆಲ್ಲ ಜೂನ್ 1 ಬರೆದುಬಿಟ್ಟಿದ್ದಾರೆ. ಅಲ್ಲಿ 23 ಜನ ಬೇಕಾಗಿಲ್ಲ, ಐದಾರು ಜನರಲ್ಲೇ ಜೋಡಿ ಸಿಕ್ಕರೂ ಸಿಕ್ಕೀತು, ಮೇಡಂ ಲೆಕ್ಕ ಸರಿಯಿದ್ದರೂ ಅದಕ್ಕೆ ಸಾಕ್ಷಿ ಅಂತ ಹಿಡಿಯುವ ಹಾಗಿಲ್ಲ.